ಕೌಂಟ್ ಬಂತು, ಇಮ್ಯುನಿಟಿ ಯಾವಾಗ? ಸ್ಟೆಮ್ ಸೆಲ್ ಕಸಿಗೆ ಮುಂಚೆ ಹೋಲಿಸಿ ನೋಡಬೇಕಾದ್ದು

ಕಸಿ ಆದ ಹದಿನೇಳನೇ ದಿನ ತಮ್ಮನ ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನುವ, ಬ್ಯಾಕ್ಟೀರಿಯಾ ತಡೆಯುವ ಬಿಳಿ ಕಣಗಳ ಕೌಂಟ್ 500 ದಾಟಿತು. ಅಮ್ಮ ಸಾಗರದಿಂದ ಫೋನ್ ಮಾಡಿ, "ಇನ್ನೇನು, ಗೌರಿ ಹಬ್ಬಕ್ಕೆ ಕರ್ಕೊಂಡು ಬಂದ್ಬಿಡು" ಅಂದರು. ನಾನೂ ಮನಸ್ಸಿನಲ್ಲೇ ಬ್ಯಾಗ್ ಕಟ್ಟಿಬಿಟ್ಟಿದ್ದೆ. ರೌಂಡ್ಸಿಗೆ ಬಂದ ಡಾಕ್ಟರು ಮಾತ್ರ, "ಬಂದಿರೋದು ಕೌಂಟ್. ಇಮ್ಯುನಿಟಿಗೆ ಇನ್ನೂ ಒಂದು ವರ್ಷ ಇಟ್ಕೊಳ್ಳಿ" ಅಂದರು. ಆ ವರ್ಷ ಹೇಗಿರುತ್ತದೆ ಅನ್ನುವುದು ಬಹುಪಾಲು ಕಸಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಯಾವ ದಾನಿ, ಮಜ್ಜೆಯೋ ರಕ್ತವೋ, ಯಾವ ಔಷಧಿ, ಆ ಸಹಿಗಳನ್ನೆಲ್ಲ ನಾವು ಒಂದು ಮಧ್ಯಾಹ್ನ ಊಟ ಬಿಟ್ಟು ಕೂತು ಹಾಕಿದ್ದೆವು.

ನಾನು ಡಾಕ್ಟರ್ ಅಲ್ಲ. ತಮ್ಮನಿಗೆ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಅದಕ್ಕೆ ಮಾಡಿದ್ದು ಸ್ಟೆಮ್ ಸೆಲ್ ಕಸಿ, ಅಂದರೆ ಕಿಮೊ ಕೊಟ್ಟು ಆಮೇಲೆ ರಕ್ತ ಹುಟ್ಟಿಸುವ ತಾಯಿಕೋಶಗಳನ್ನು ಹೊಸದಾಗಿ ಹಾಕುವುದು. ನಾನು ಅವನ ದಾನಿ, ಆಮೇಲೆ ನೂರು ದಿನ ಅವನ ಅಡುಗೆಯವಳು. ಈಗ ಆ ಸಹಿ ಹಾಕಲು ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೀರ್ಮಾನ ಡಾಕ್ಟರದ್ದೇ. ಆದರೆ ಎದುರಿಗೆ ಏನೇನು ಇದೆ ಅಂತ ಗೊತ್ತಿದ್ದರೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ಏನೇನು ಯಾವಾಗ ಬರುತ್ತದೆ

ನಾಟಿ ಮಾಡಿದ ಗದ್ದೆ ನೋಡಿದ್ದೀರಲ್ಲ? ಸಸಿ ಮೊದಲು ಬಾಡುತ್ತದೆ, ಆಮೇಲೆ ಬೇರು ಹಿಡಿದು ಹಸಿರಾಗುತ್ತದೆ. ಹಸಿರು ಕಂಡ ದಿನ ಯಾರೂ ಕುಡುಗೋಲು ತೆಗೆಯುವುದಿಲ್ಲ. ಆಸ್ಪತ್ರೆಯವರು "ಎನ್‌ಗ್ರಾಫ್ಟ್ ಆಯಿತು" ಅನ್ನುವುದು ಈ ಹಸಿರು ಕಂಡ ದಿನಕ್ಕೆ. ಲೆಕ್ಕದಲ್ಲಿ ಹೇಳಿದರೆ ನ್ಯೂಟ್ರೋಫಿಲ್ ಮೂರು ದಿನ ಸತತವಾಗಿ 500ರ ಮೇಲೆ ನಿಲ್ಲಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಆಗುತ್ತದೆ. ಇದಾದರೆ ಸಾಧಾರಣ ಬ್ಯಾಕ್ಟೀರಿಯಾಗಳ ಭಯ ಬಹಳ ಕಡಿಮೆಯಾಗುತ್ತದೆ.

ಆಮೇಲೆ ಬರುವುದು ವೈರಸ್ ಹಿಡಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳು, ಒಂದೆರಡು ತಿಂಗಳಲ್ಲಿ. ಪ್ರತಿಕಾಯ ಮಾಡುವ ಬಿ ಕೋಶಗಳ ಸಂಖ್ಯೆ ಸರಿಯಾಗಲು ಆರರಿಂದ ಹನ್ನೆರಡು ತಿಂಗಳು ಬೇಕು. ಒಳ್ಳೆಯ ಪ್ರತಿಕಾಯ ತಯಾರಾಗಲು ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ಎಲ್ಲಕ್ಕಿಂತ ನಿಧಾನ, ಶತ್ರುವನ್ನು ಗುರುತು ಹಿಡಿದು ಹೊಡೆಯುವ ಟಿ ಕೋಶಗಳು. ಅದರಲ್ಲೂ ಸಿಡಿ8 ಅನ್ನುವ ಬಗೆ ಬೇಗ ಹೆಚ್ಚುತ್ತದೆ, ಸಿಡಿ4 ತೆವಳುತ್ತದೆ. ವೈರಸ್ಸು, ಫಂಗಸ್ಸುಗಳನ್ನು ತಡೆಯುವ ಕೆಲಸಕ್ಕೆಲ್ಲ ಸಿಡಿ4 ಬೇಕೇ ಬೇಕು.

ಯಾಕೆ ಇಷ್ಟು ನಿಧಾನ? ಟಿ ಕೋಶ ಬರಲು ಎರಡು ದಾರಿ. ದಾನಿಯಿಂದ ಬಂದ ಬಲಿತ ಟಿ ಕೋಶಗಳೇ ದೇಹದೊಳಗೆ ಮರಿ ಹಾಕುವುದು ಒಂದು. ಇದು ಬೇಗ ಆಗುತ್ತದೆ, ಆದರೆ ಆ ಕೋಶಗಳಿಗೆ ಗೊತ್ತಿರುವ ಶತ್ರುಗಳು ಕೆಲವೇ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಹೊಸ ಕೋಶಗಳು ತಯಾರಾಗಿ ಬರುವುದು ಇನ್ನೊಂದು. ಥೈಮಸ್ ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಸೊರಗಿ ಕೊಬ್ಬಾಗುತ್ತದೆ. ಕಿಮೊ, ರೇಡಿಯೇಶನ್ನು ಅದನ್ನು ಇನ್ನಷ್ಟು ಸುಡುತ್ತವೆ. ಅದಕ್ಕೇ ಹತ್ತು ವರ್ಷದ ಹುಡುಗ ವರ್ಷದೊಳಗೆ ಶಾಲೆಗೆ ಹೋಗುವಂತಾದರೂ ಐವತ್ತರ ಅಪ್ಪ ಎರಡು ವರ್ಷ ಮಾಸ್ಕ್ ಹಾಕಿ ಓಡಾಡಬೇಕಾಗುತ್ತದೆ.

ಇದರ ಮೇಲೆ ಜಿವಿಎಚ್‌ಡಿ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿ ಬೀಳುವುದಕ್ಕೆ ಈ ಹೆಸರು. ಅದು ಬಂದರೆ ಸ್ಟೆರಾಯ್ಡ್ ಕೊಡಬೇಕು, ಸ್ಟೆರಾಯ್ಡ್ ಕೊಟ್ಟರೆ ಇಮ್ಯುನಿಟಿ ಮತ್ತೆ ಕೆಳಗೆ. ಮುಂದೆ ಹೇಳುವ ಹೋಲಿಕೆಗಳಲ್ಲೆಲ್ಲ ಇದೇ ಎಳೆದಾಟ ಇದೆ. ಟಿ ಕೋಶ ಜಾಸ್ತಿ ಕೊಟ್ಟರೆ ಕ್ಯಾನ್ಸರ್ ಮರಳುವುದು ತಪ್ಪಬಹುದು, ಸೋಂಕು ಕಡಿಮೆಯಾಗಬಹುದು, ಜಿವಿಎಚ್‌ಡಿ ಹೆಚ್ಚುತ್ತದೆ. ಕಡಿಮೆ ಕೊಟ್ಟರೆ ಉಲ್ಟಾ.

ಸ್ವಂತದ್ದೋ, ಇನ್ನೊಬ್ಬರದ್ದೋ

ಇದರಲ್ಲಿ ನಿಮಗೆ ಆಯ್ಕೆ ಕಡಿಮೆ, ಕಾಯಿಲೆಯೇ ಹೇಳಿಬಿಡುತ್ತದೆ. ಮೈಲೋಮಾಗೆ, ಕೆಲವು ಲಿಂಫೋಮಾಗಳಿಗೆ (ಇವೂ ರಕ್ತದ ಕ್ಯಾನ್ಸರಿನ ಬಗೆಗಳೇ) ರೋಗಿಯದೇ ಕೋಶ ತೆಗೆದಿಟ್ಟು, ಭಾರಿ ಕಿಮೊ ಕೊಟ್ಟು, ವಾಪಸ್ ಹಾಕುತ್ತಾರೆ. ಹತ್ತು ಹನ್ನೆರಡು ದಿನದಲ್ಲಿ ಕೌಂಟ್ ಬರುತ್ತದೆ, ಜಿವಿಎಚ್‌ಡಿ ಇಲ್ಲ, ಇಮ್ಯುನಿಟಿ ಅದುಮಿಡುವ ಮಾತ್ರೆಯೂ ಇಲ್ಲ. ಹಾಗಂತ "ಸ್ವಂತದ್ದು ಸುಲಭ" ಅಂತ ಸುಮ್ನೆ ಇರಬೇಡಿ. ಸಿಡಿ4 ಇಲ್ಲಿಯೂ ತಿಂಗಳುಗಟ್ಟಲೆ ಕಡಿಮೆ ಇರುತ್ತದೆ. ಸರ್ಪಸುತ್ತು ಬರದ ಹಾಗೆ ವರ್ಷದ ತನಕ ಅಸೈಕ್ಲೋವಿರ್ ಮಾತ್ರೆ, ಆಮೇಲೆ ಲಸಿಕೆಗಳೆಲ್ಲ ಹೊಸದಾಗಿ, ಇವು ಇವರಿಗೂ ತಪ್ಪಿದ್ದಲ್ಲ.

ಎಎಂಎಲ್, ಎಎಲ್ಎಲ್‌ನಂಥ ಲ್ಯುಕೇಮಿಯಾಗಳಿಗೆ ಕಸಿ ಬೇಕಾದರೆ ಸಾಮಾನ್ಯವಾಗಿ ಇನ್ನೊಬ್ಬರ ಕೋಶವೇ. ಅಳಿದುಳಿದ ಕ್ಯಾನ್ಸರನ್ನು ಹುಡುಕಿ ಕೊಲ್ಲಲು ಬೇರೆಯವರ ಇಮ್ಯುನಿಟಿಯೇ ಬೇಕು. ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಅದೂ ಎಎಂಎಲ್ ಇದ್ದ ಪುಟ್ಟ ಹುಡುಗಿಗೆ, ದಾನಿ ಅವಳ ಅಣ್ಣನೋ ತಮ್ಮನೋ. ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರುಮಾಡಿತು. ಇವತ್ತು ಬೆಂಗಳೂರಿನಲ್ಲೇ ಹಲವು ಕೇಂದ್ರಗಳಿವೆ.

ದಾನಿ ಯಾರು

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡುತ್ತೇನೆ. ನಮ್ಮ ನೆಂಟರಲ್ಲಿ ಹತ್ತು ಜನ "ನಂದು ಓ ಪಾಸಿಟಿವ್, ನಾನು ಕೊಡ್ತೀನಿ" ಅಂತ ಮುಂದೆ ಬಂದರು. ಅವರ ಮನಸ್ಸು ದೊಡ್ಡದು, ಆದರೆ ಇಲ್ಲಿ ಬ್ಲಡ್ ಗ್ರೂಪ್ ಮುಖ್ಯ ಅಲ್ಲ. ಹೊಂದಬೇಕಾದ್ದು ಎಚ್‌ಎಲ್‌ಎ. ಕೋಶಗಳ ಮೇಲಿರುವ ಗುರುತಿನ ಪ್ರೋಟೀನ್ ಅದು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತದೆ. ಕೆನ್ನೆಯ ಒಳಗಿನ ಸ್ವಾಬ್‌ನಿಂದಲೋ ರಕ್ತದಿಂದಲೋ ಪರೀಕ್ಷೆ ಮಾಡುತ್ತಾರೆ. ಹತ್ತಕ್ಕೆ ಹತ್ತು ಹೊಂದಿದರೆ ಪೂರ್ತಿ ಮ್ಯಾಚ್, ಹತ್ತಕ್ಕೆ ಐದಾದರೆ ಅರ್ಧ.

ಒಡಹುಟ್ಟಿದವರು ಪೂರ್ತಿ ಹೊಂದಿದರೆ ಎರಡನೇ ಯೋಚನೆ ಸಾಮಾನ್ಯವಾಗಿ ಬೇಡ. ಇನ್ನೊಬ್ಬರ ಕೋಶದ ಕಸಿಗಳಲ್ಲಿ ಟಿ ಕೋಶ ಬೇಗ ಚೇತರಿಸುವುದು ಇವರದ್ದರಲ್ಲೇ. ಎಚ್‌ಎಲ್‌ಎ ಅಲ್ಲದ ಇತರ ಗುರುತುಗಳೂ ಬಹಳಷ್ಟು ಒಂದೇ ಇರುವುದರಿಂದ ಇಮ್ಯುನಿಟಿಯನ್ನು ತುಂಬಾ ಅದುಮಬೇಕಾಗುವುದಿಲ್ಲ. ತೊಂದರೆ ಏನೆಂದರೆ ಒಬ್ಬೊಬ್ಬ ಒಡಹುಟ್ಟಿನ ಅವಕಾಶ ನಾಲ್ಕರಲ್ಲಿ ಒಂದು ಮಾತ್ರ. ಇಬ್ಬರಿದ್ದರೆ ಕನಿಷ್ಠ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು 44%. ನಮ್ಮಜ್ಜಿಗೆ ಎಂಟು ಮಕ್ಕಳು, ಅಮ್ಮನಿಗೆ ಎರಡು. ಈಗಿನ ಮನೆಗಳಲ್ಲಿ ಒಂದೇ. ಲೆಕ್ಕ ನೀವೇ ಹಾಕಿ.

ಇಲ್ಲಿ ನಮ್ಮ ಕಡೆಯವರು ಕೇಳಲು ನಾಚುವ ಒಂದು ವಿಷಯ ಇದೆ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆ ಮಗನಿಗೆ ಕೊಡುವುದು, ಇವು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಂಥ ಮನೆಗಳಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಕಸಿನ್‌ಗಳಲ್ಲೂ ಪೂರ್ತಿ ಮ್ಯಾಚ್ ಸಿಗುವ ಸಾಧ್ಯತೆ ಬೇರೆ ಮನೆಗಳಿಗಿಂತ ಜಾಸ್ತಿ. ಡಾಕ್ಟರಿಗೆ ವಂಶದ ಕಥೆ ಬಿಚ್ಚಿ ಹೇಳಿ. "ಅದೆಲ್ಲ ಯಾಕೆ ಹೇಳೋದು" ಅಂತ ಸುಮ್ಮನಾದರೆ ನಷ್ಟ ನಿಮ್ಮದೇ.

ಮನೆಯಲ್ಲಿ ಸಿಗದಿದ್ದರೆ ರಿಜಿಸ್ಟ್ರಿ, ಅಂದರೆ ಕೊಡಲು ಹೆಸರು ಬರೆಸಿದ ಹೊರಗಿನ ದಾನಿಗಳ ಪಟ್ಟಿ. ಚೆನ್ನೈನ ದಾತ್ರಿ 2009ರಿಂದ ಇದೆ, ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇದೆ, ಪ್ರಪಂಚದ ಎಲ್ಲ ರಿಜಿಸ್ಟ್ರಿ ಸೇರಿಸಿದರೆ 4 ಕೋಟಿಗಿಂತ ಹೆಚ್ಚು ದಾನಿಗಳು. ಕೇಳಲು ಬಹಳ. ಆದರೆ ಎಚ್‌ಎಲ್‌ಎ ಜನಾಂಗದ ಜೊತೆ ಹೋಗುತ್ತದೆ, ಆ ಪಟ್ಟಿಯಲ್ಲಿ ಭಾರತೀಯರು ಸ್ವಲ್ಪವೇ. ನಮಗೆ ಸಿಗಲಿಲ್ಲ. ಸಿಕ್ಕವರಿಗೂ ಹುಡುಕಿ, ದಾನಿಯನ್ನು ಒಪ್ಪಿಸಿ, ಪರೀಕ್ಷೆ ಮಾಡಿ, ಕೋಶ ತರಿಸುವಷ್ಟರಲ್ಲಿ ವಾರಗಳು, ತಿಂಗಳುಗಳೇ ಹೋಗುತ್ತವೆ. ಹೊರದೇಶದಿಂದ ಬಂದರೆ ಖರ್ಚು ಲಕ್ಷಗಳಲ್ಲಿ ಏರುತ್ತದೆ. ಕಾಯಿಲೆ ಕಾಯುವಂಥದ್ದಾ ಇಲ್ಲವಾ ಅಂತ ಮೊದಲು ಕೇಳಿ. ಇಮ್ಯುನಿಟಿ ಲೆಕ್ಕದಲ್ಲಿ ಇವರದ್ದು ಒಡಹುಟ್ಟಿದವರಿಗಿಂತ ಸ್ವಲ್ಪ ಹಿಂದೆ. ಅದಕ್ಕೆ ಮುಖ್ಯ ಕಾರಣ ಜೊತೆಗೆ ಕೊಡುವ ಎಟಿಜಿ ಅನ್ನುವ ಔಷಧಿ. ಅದರ ಕಥೆ ಮುಂದಿದೆ.

ಮೂರನೆಯದು ಅರ್ಧ ಮ್ಯಾಚ್, ಆಸ್ಪತ್ರೆಯ ಭಾಷೆಯಲ್ಲಿ ಹ್ಯಾಪ್ಲೊ. ಅಪ್ಪ, ಅಮ್ಮ, ಮಕ್ಕಳು ಯಾವಾಗಲೂ ಅರ್ಧ ಹೊಂದುತ್ತಾರೆ, ಒಡಹುಟ್ಟಿದವರಲ್ಲಿ ಅರ್ಧ ಹೊಂದುವ ಸಾಧ್ಯತೆ ಎರಡರಲ್ಲಿ ಒಂದು. ಅಂದರೆ ಬಹುತೇಕ ಪ್ರತಿಯೊಬ್ಬರಿಗೂ ಮನೆಯಲ್ಲೇ ಒಬ್ಬ ದಾನಿ ಇದ್ದಾರೆ. ಹಿಂದೆ ಇದು ಭಾರಿ ಅಪಾಯದ್ದಾಗಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಕಸಿಯ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ (ಚಿಕ್ಕದಾಗಿ ಸೈಕ್ಲೊ) ಅನ್ನುವ ಕಿಮೊ ಔಷಧಿ ಕೊಡುವ ವಿಧಾನ ತಂದ ಮೇಲೆ ಚಿತ್ರವೇ ಬದಲಾಯಿತು. ಉಪಾಯ ಚೆನ್ನಾಗಿದೆ. ದಾನಿಯ ಟಿ ಕೋಶಗಳಲ್ಲಿ ರೋಗಿಯ ಮೈಮೇಲೆ ಸಿಟ್ಟಾದವು ಮಾತ್ರ ಆ ಎರಡು ಮೂರು ದಿನದಲ್ಲಿ ಸರಸರ ಹೆಚ್ಚಲು ಶುರುಮಾಡುತ್ತವೆ, ಹಾಗೆ ಹೆಚ್ಚುವಾಗಲೇ ಔಷಧಿ ಅವನ್ನು ಹೊಡೆಯುತ್ತದೆ. ಸುಮ್ಮನೆ ಕೂತವು, ಸ್ಟೆಮ್ ಸೆಲ್‌ಗಳು, ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.

ನಮ್ಮದು ಇದೇ. ಅಪ್ಪನಿಗೆ 68, ಶುಗರ್ ಬೇರೆ. ಅಮ್ಮನಿಗೆ 63. ನನಗೆ 38. ದಾನಿ ಚಿಕ್ಕವರಾದಷ್ಟೂ ಒಳ್ಳೆಯದು, ಹಾಗಾಗಿ ನಾನು. ಆದರೆ ನನಗೆ ಎರಡು ಹೆರಿಗೆ ಆಗಿವೆ. ಹೆತ್ತ ಹೆಂಗಸಿನ ಕೋಶ ಗಂಡಸಿಗೆ ಹಾಕಿದರೆ ಜಿವಿಎಚ್‌ಡಿ ಸ್ವಲ್ಪ ಹೆಚ್ಚು ಅಂತ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಮನೆಯಲ್ಲಿ ಇಪ್ಪತ್ತೈದರ ತಮ್ಮ ಇನ್ನೊಬ್ಬನಿದ್ದು ಅವನೂ ಅರ್ಧ ಹೊಂದಿದ್ದರೆ ಅವನನ್ನೇ ಆರಿಸುತ್ತಿದ್ದರು. ಇರಲಿಲ್ಲ. ರೋಗಿಯೇ ಹೆಣ್ಣಾಗಿದ್ದು, ಹೆರಿಗೆಯೋ ಗರ್ಭಪಾತವೋ ಆಗಿದ್ದರೆ ಇನ್ನೊಂದು ಪರೀಕ್ಷೆಯನ್ನು ನೀವೇ ಕೇಳಿ: ದಾನಿಯ ಎಚ್‌ಎಲ್‌ಎ ವಿರುದ್ಧ ಅವರ ರಕ್ತದಲ್ಲಿ ಆಗಲೇ ಪ್ರತಿಕಾಯ ಇದೆಯಾ ಅಂತ. ಗಂಡನ, ಮಕ್ಕಳ ಎಚ್‌ಎಲ್‌ಎ ವಿರುದ್ಧ ಅವು ತಯಾರಾಗಿರಬಹುದು. ಇದ್ದರೆ ಕಸಿಯೇ ಹಿಡಿಯದೆ ಹೋಗುವ ಅಪಾಯ.

ಹ್ಯಾಪ್ಲೊದ ಮೊದಲ ತಿಂಗಳುಗಳು ಕಷ್ಟದ್ದು, ಅದನ್ನು ಯಾರೂ ಸಕ್ಕರೆ ಹಚ್ಚಿ ಹೇಳಬಾರದು. ಕೋಶ ಹಾಕಿದ ಮಾರನೇ ದಿನವೇ ಅವನಿಗೆ 103 ಡಿಗ್ರಿ ಜ್ವರ. ಸೋಂಕಲ್ಲ, ಕೋಶಗಳ ಜಗಳದ ಜ್ವರ. ಸೈಕ್ಲೊ ಕೊಟ್ಟ ಮೇಲೆ ಇಳಿಯಿತು. ಆದರೆ ಆ ಸೈಕ್ಲೊ ಎನ್‌ಕೆ ಕೋಶಗಳನ್ನೂ, ಕೆಲಸಕ್ಕೆ ಬರುವ ಟಿ ಕೋಶಗಳನ್ನೂ ಒಂದಿಷ್ಟು ಹೊಡೆದಿರುತ್ತದೆ. ಹಾಗಾಗಿ ಮೊದಲ ನೂರು ದಿನ ವೈರಸ್ಸುಗಳ ಕಾಟ ಜಾಸ್ತಿ. ಸಿಎಂವಿ ಒಂದು. ಮೂತ್ರಕೋಶ ಕೆರಳಿಸುವ ಬಿಕೆ ವೈರಸ್ ಇನ್ನೊಂದು. ಐದನೇ ವಾರದಲ್ಲಿ ತಮ್ಮನಿಗೆ ಉರಿಮೂತ್ರ, ಅದರಲ್ಲಿ ರಕ್ತ. ರಾತ್ರಿಯಿಡೀ ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮು. ಹೀಗಾಗಬಹುದು ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಕ್ಯಾನ್ಸರೇ ವಾಪಸ್ ಬಂತು ಅಂತ ಅಂದುಕೊಂಡು ನಾವಿಬ್ಬರೂ ಅತ್ತೆವು. ಮೂರು ವಾರದಲ್ಲಿ ಕಡಿಮೆಯಾಯಿತು. ಒಳ್ಳೆಯ ಸುದ್ದಿ ಏನೆಂದರೆ ದೀರ್ಘಕಾಲದ ಜಿವಿಎಚ್‌ಡಿ ಈ ವಿಧಾನದಲ್ಲಿ ಕಡಿಮೆ. ಅದು ಬರದಿದ್ದರೆ ಸ್ಟೆರಾಯ್ಡ್ ಇಲ್ಲ, ಮಾತ್ರೆಗಳು ಬೇಗ ನಿಲ್ಲುತ್ತವೆ, ವರ್ಷದ ಹೊತ್ತಿಗೆ ಸಿಡಿ4 ಪೂರ್ತಿ ಮ್ಯಾಚಿನವರ ಹತ್ತಿರ ಬರುತ್ತದೆ.

ಹೊಕ್ಕುಳಬಳ್ಳಿ ರಕ್ತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೌಂಟ್ ಬರಲು ಮೂರ್ನಾಲ್ಕು ವಾರ, ಅದರಲ್ಲಿರುವ ಟಿ ಕೋಶಗಳು ಯಾವ ವೈರಸ್ಸನ್ನೂ ಕಂಡೇ ಇಲ್ಲದ ಹಸುಗೂಸುಗಳು, ಸೋಂಕು ಜಾಸ್ತಿ. ಅಮೆರಿಕದಲ್ಲಿ ಎರಡು ಮಕ್ಕಳ ಹೊಕ್ಕುಳಬಳ್ಳಿ ರಕ್ತ ಸೇರಿಸಿ ಹಾಕುವುದನ್ನೂ ಹ್ಯಾಪ್ಲೊ ಮಜ್ಜೆಯನ್ನೂ ನೇರ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೆ ಬದುಕುಳಿದವರು ಹ್ಯಾಪ್ಲೊದಲ್ಲಿ 57%, ಹೊಕ್ಕುಳಬಳ್ಳಿಯಲ್ಲಿ 46%. ಹೆರಿಗೆ ಆಸ್ಪತ್ರೆಗಳಲ್ಲಿ ಖಾಸಗಿ ಬ್ಯಾಂಕಿನವರು ಹಿಡಿಸುವ ಬಣ್ಣದ ಪುಸ್ತಕ ನೋಡಿ "ಛೆ, ನಾವು ಇಟ್ಟಿದ್ದರೆ ಇವನಿಗೆ ಆಗುತ್ತಿತ್ತಲ್ಲ" ಅಂತ ಕೊರಗಬೇಡಿ. ಮಗುವಿನ ಲ್ಯುಕೇಮಿಯಾಗೆ ಅದರದೇ ಹೊಕ್ಕುಳಬಳ್ಳಿ ರಕ್ತ ಹಾಕುವುದಿಲ್ಲ, ಕಾಯಿಲೆಯ ಬೀಜ ಅದರಲ್ಲೇ ಇರಬಹುದು. ಮುಂದೆ ಸ್ವಂತಕ್ಕೆ ಬೇಕಾದೀತು ಅಂತ ಖಾಸಗಿಯಾಗಿ ಇಡುವುದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ.

ಮಜ್ಜೆಯೋ, ರಕ್ತವೋ

ಕೋಶ ತೆಗೆಯಲು ಎರಡು ದಾರಿ. ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ಹೀರುವುದು. ಇಲ್ಲವೇ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸಿ ಯಂತ್ರದಲ್ಲಿ ಸೋಸುವುದು. ನಾನು ಎರಡನೆಯದು. ಮೂಳೆಯೆಲ್ಲ ಜ್ವರ ಬಂದಂತೆ ನೋವು, ನಾಲ್ಕೂವರೆ ಗಂಟೆ ಕೈ ಅಲ್ಲಾಡಿಸದೆ ಮಲಗುವುದು, ಅಷ್ಟೇ. ಮೂರನೇ ದಿನ ಅನ್ನ ಬಸಿಯುತ್ತಿದ್ದೆ.

ದಾನಿಗೆ ಇದು ಸುಲಭ, ಆಸ್ಪತ್ರೆಗೂ ಸುಲಭ. ರೋಗಿಗೆ? ರಕ್ತದಿಂದ ತೆಗೆದದ್ದರಲ್ಲಿ ಟಿ ಕೋಶಗಳು ಮಜ್ಜೆಗಿಂತ ಸುಮಾರು ಹತ್ತು ಪಟ್ಟು. ಕೌಂಟ್ ಬೇಗ ಬರುತ್ತದೆ, ಕಸಿ ಹಿಡಿಯದಿರುವ ಭಯ ಕಡಿಮೆ. ಬೆಲೆ ಕೊಡಬೇಕಾದ್ದು ಆಮೇಲೆ. ಹೊರಗಿನ ದಾನಿಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ದೀರ್ಘಕಾಲದ ಜಿವಿಎಚ್‌ಡಿ ಬಂದದ್ದು ರಕ್ತದವರಲ್ಲಿ 53%, ಮಜ್ಜೆಯವರಲ್ಲಿ 41%. ಕಸಿ ಹಿಡಿಯದೆ ಹೋದದ್ದು ರಕ್ತದಲ್ಲಿ 3%, ಮಜ್ಜೆಯಲ್ಲಿ 9%. ಎರಡು ವರ್ಷದ ಬದುಕುಳಿಯುವಿಕೆಯಲ್ಲಿ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಇರಲಿಲ್ಲ. ಅಂದರೆ ಕೌಂಟ್ ಕೆಲವು ದಿನ ಹಿಂದು ಮುಂದಾಗುವ ವಿಷಯವಷ್ಟೇ ಅಲ್ಲ ಇದು. ಕಣ್ಣು ಒಣಗಿ, ಬಾಯಿ ಹುಣ್ಣಾಗಿ, ಖಾರದ ಸಾರು ಮುಟ್ಟಲಾಗದೆ ವರ್ಷಗಟ್ಟಲೆ ಸ್ಟೆರಾಯ್ಡ್ ತಿನ್ನುವವರನ್ನು ಒಪಿಡಿಯಲ್ಲಿ ನೋಡಿದ್ದೇನೆ. ಕೌಂಟ್ ಮೂರು ದಿನ ತಡವಾಗಿ ಬಂದರೂ ಪರವಾಗಿಲ್ಲ ಅಂತ ಅವರಿಗೆ ಅನಿಸದೆ ಇರುತ್ತದೆಯೇ?

ಆದರೆ ಒಂದು ಮಾತು. ಕಾಯಿಲೆ ಮರಳುವ ಭಯ ಜಾಸ್ತಿ ಇದ್ದರೆ, ಅಥವಾ ಕಸಿಗೆ ಮುಂಚೆಯೇ ಸೋಂಕು ಇದ್ದು ಕೌಂಟ್ ಬೇಗ ಬರಲೇಬೇಕಾಗಿದ್ದರೆ, ಡಾಕ್ಟರು ರಕ್ತವನ್ನೇ ಆರಿಸುತ್ತಾರೆ. ನಮ್ಮದು ಹಾಗೇ ಆಯಿತು, ತಮ್ಮನ ಶ್ವಾಸಕೋಶದಲ್ಲಿ ಕಿಮೊ ಹೊತ್ತಿನ ಫಂಗಸ್ ಕಲೆ ಇನ್ನೂ ಇತ್ತು. "ನಮ್ಮ ಕೇಸಿಗೆ ಯಾಕೆ ಇದು?" ಅಂತ ಕೇಳಿ. "ಇಲ್ಲಿ ಎಲ್ಲರಿಗೂ ಇದೇ" ಅಂತ ಬಂದರೆ ಇನ್ನೊಮ್ಮೆ ಕೇಳಿ.

ಎಟಿಜಿಯೋ, ಸೈಕ್ಲೊವೋ

ಎರಡೂ ಜಿವಿಎಚ್‌ಡಿ ತಡೆಯಲು ಕೊಡುವ ಔಷಧಿಗಳು. ಎಟಿಜಿ ಸಾಮಾನ್ಯವಾಗಿ ಮೊಲದಿಂದ ತಯಾರಾಗುವ ಪ್ರತಿಕಾಯ, ಟಿ ಕೋಶ ಕಂಡಲ್ಲಿ ಹೊಡೆಯುತ್ತದೆ. ಸಿಟ್ಟಾದ್ದು, ಸಾಧು ಅಂತ ನೋಡುವುದಿಲ್ಲ. ಕಸಿಗೆ ಮುಂಚೆ ಕೊಟ್ಟರೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಸಿಡಿ4 ಏರುವುದು ನಿಧಾನ. ಸಿಎಂವಿ ಜೊತೆಗೆ ಇಬಿವಿ ಅನ್ನುವ ವೈರಸ್ಸನ್ನೂ ಕಾಯುತ್ತಿರಬೇಕು. ಆದರೆ ಕೆಲಸ ಮಾಡುತ್ತದೆ. ಪೂರ್ತಿ ಹೊಂದಿದ ಒಡಹುಟ್ಟಿದವರ ರಕ್ತದ ಕಸಿಯಲ್ಲಿ ನಡೆದ ಯುರೋಪಿನ ಅಧ್ಯಯನವೊಂದರಲ್ಲಿ ಎರಡು ವರ್ಷದಲ್ಲಿ ದೀರ್ಘಕಾಲದ ಜಿವಿಎಚ್‌ಡಿ ಎಟಿಜಿ ಪಡೆದವರಲ್ಲಿ 32%, ಪಡೆಯದವರಲ್ಲಿ 69%. ಕಡಿಮೆ ವ್ಯತ್ಯಾಸವೇನಲ್ಲ.

ಸೈಕ್ಲೊ ಈಗ ಹ್ಯಾಪ್ಲೊ ದಾಟಿ ಪೂರ್ತಿ ಮ್ಯಾಚಿನವರಿಗೂ ಬಂದಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಂದು ವರ್ಷಕ್ಕೆ ಕಾಯಿಲೆ ಮರಳದೆ, ಗಂಭೀರ ಜಿವಿಎಚ್‌ಡಿ ಇಲ್ಲದೆ ಬದುಕಿದ್ದವರು ಸೈಕ್ಲೊ ಗುಂಪಿನಲ್ಲಿ 52.7%, ಹಳೇ ಮೆಥೊಟ್ರೆಕ್ಸೇಟ್ ಗುಂಪಿನಲ್ಲಿ 34.9%. ಸೋಂಕು ಸೈಕ್ಲೊದಲ್ಲೇ ಸ್ವಲ್ಪ ಜಾಸ್ತಿ, ಆದರೆ ಹೆಚ್ಚಿನವು ಮಧ್ಯಮ ಬಗೆಯವು. ನನ್ನನ್ನು ಕೇಳಿದರೆ ಸೈಕ್ಲೊ ಪರ. ಆದರೆ ನನ್ನ ಅನುಭವ ಒಂದೇ ಮನೆಯದ್ದು, ಅದೂ ಸುಖಾಂತವಾದ್ದು.

ಕಸಿಗೆ ಮುಂಚಿನ ಕಿಮೊ ಪೂರ್ಣ ಪ್ರಮಾಣದ್ದೋ ಕಡಿಮೆಯದ್ದೋ ಅನ್ನುವ ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಕಡಿಮೆಯದ್ದು ದೇಹಕ್ಕೆ ಹಗುರ. ಆದರೆ ಎಎಂಎಲ್ ಅಥವಾ ಎಂಡಿಎಸ್ ಅನ್ನುವ ಮಜ್ಜೆಯ ಕಾಯಿಲೆ ಇದ್ದವರಲ್ಲಿ ಎರಡನ್ನೂ ಹೋಲಿಸಿದಾಗ 18 ತಿಂಗಳಲ್ಲಿ ಕಾಯಿಲೆ ಮರಳಿದ್ದು ಕಡಿಮೆ ಪ್ರಮಾಣದಲ್ಲಿ 48%, ಪೂರ್ಣದಲ್ಲಿ 13.5%. ಚಿಕಿತ್ಸೆಯಿಂದಲೇ ಸತ್ತವರು ಪೂರ್ಣದಲ್ಲಿ ಜಾಸ್ತಿ, ಅದೂ ನಿಜ. ಮೈಯಲ್ಲಿ ಶಕ್ತಿ ಇರುವ ಮೂವತ್ತರವನಿಗೆ ಇಮ್ಯುನಿಟಿ ಬೇಗ ಬರಲಿ ಅಂತ ಕಿಮೊ ಕಡಿಮೆ ಮಾಡಿಸುವುದು ತಪ್ಪು ಚೌಕಾಸಿ.

ಸಿಎಂವಿ: ಕಾಯುವುದೋ, ತಡೆಯುವುದೋ

ಭಾರತದಲ್ಲಿ ದೊಡ್ಡವರ ಪೈಕಿ ಬಹುತೇಕ ಎಲ್ಲರ ಮೈಯಲ್ಲೂ ಸಿಎಂವಿ ಮಲಗಿರುತ್ತದೆ. ಟಿ ಕೋಶ ಇಲ್ಲದಾಗ ಎದ್ದು ಕೂರುತ್ತದೆ. ಒಂದು ದಾರಿ, ವಾರವಾರ ಪಿಸಿಆರ್ ಮಾಡಿಸಿ ಏರಿದ ಕೂಡಲೇ ಗ್ಯಾನ್ಸಿಕ್ಲೋವಿರ್ ಬಗೆಯ ಔಷಧಿ ಕೊಡುವುದು. ಕೆಲಸ ಮಾಡುತ್ತದೆ, ಆದರೆ ಕಷ್ಟಪಟ್ಟು ಬಂದ ಕೌಂಟನ್ನೇ ಮತ್ತೆ ಬೀಳಿಸುತ್ತದೆ. ಆರನೇ ವಾರದಲ್ಲಿ ನಮಗೆ ಹಾಗೇ ಆಗಿ ಮತ್ತೆ ಹತ್ತು ದಿನ ಅಡ್ಮಿಟ್. ಇನ್ನೊಂದು ದಾರಿ, ಮೊದಲಿಂದಲೇ ಲೆಟರ್ಮೋವಿರ್ ಕೊಟ್ಟು ತಡೆಯುವುದು. 2017ರಲ್ಲಿ ಬಂದ ಅಧ್ಯಯನದಲ್ಲಿ 24 ವಾರದೊಳಗೆ ಚಿಕಿತ್ಸೆ ಬೇಕಾಗುವಂಥ ಸಿಎಂವಿ ಲೆಟರ್ಮೋವಿರ್ ತೆಗೆದುಕೊಂಡವರಲ್ಲಿ 37.5%, ಇಲ್ಲದವರಲ್ಲಿ 60.6%. ಕೌಂಟ್ ಬೀಳಿಸುವುದಿಲ್ಲ. ಜೇಬು ಬೀಳಿಸುತ್ತದೆ. ಹ್ಯಾಪ್ಲೊ ಅಥವಾ ಎಟಿಜಿ ಇದ್ದರೆ ಇದರ ಖರ್ಚು ಎಷ್ಟು, ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಆರನೇ ವಾರದಲ್ಲಿ ಅಲ್ಲ.

ಊರೋ, ಆಸ್ಪತ್ರೆ ಪಕ್ಕದ ರೂಮೋ

ನೂರು ದಿನ ಆಸ್ಪತ್ರೆಯಿಂದ ಅರ್ಧ ಮುಕ್ಕಾಲು ಗಂಟೆ ದೂರದೊಳಗೆ ಇರಿ. ಇದರಲ್ಲಿ ಚರ್ಚೆಯೇ ಬೇಡ. 100.4 ಡಿಗ್ರಿ ದಾಟಿದರೆ ರಾತ್ರಿ ಎರಡಾದರೂ ಹೋಗಬೇಕು, ಸಾಗರದಿಂದ ಅದು ಆಗುವ ಕೆಲಸವಾ? ಬೆಂಗಳೂರಿನಲ್ಲಿ ತೊಂದರೆ ಧೂಳಿನದ್ದು. ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದರೆ ಆಸ್ಪರ್ಜಿಲಸ್ ಫಂಗಸ್ ಗಾಳಿಯಲ್ಲೇ ಇರುತ್ತದೆ. ನಾವು ಮೊದಲು ಹಿಡಿದ ರೂಮಿನ ಎದುರೇ ಪಾಯ ತೋಡಲು ಶುರುಮಾಡಿದರು, ಅಡ್ವಾನ್ಸ್ ಬಿಟ್ಟು ಬೇರೆ ಕಡೆ ಹೋದೆವು. ಪಾರಿವಾಳ ಕೂರುವ ಬಾಲ್ಕನಿಯೂ ಬೇಡ.

ನೂರು ದಿನ ಆದ ಮೇಲೆ ಊರು ಒಳ್ಳೆಯದು ಅನಿಸುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೂಷ್ಟು ಹಿಡಿಯುತ್ತದೆ. ಕೊಟ್ಟಿಗೆ, ಗೊಬ್ಬರದ ಗುಂಡಿ, ಅಡಿಕೆ ಸುಲಿಯುವ ಅಂಗಳದ ಧೂಳು, ಎಲ್ಲ ದೂರ. ಕರಾವಳಿಯವರಾದರೆ ಮಳೆಗಾಲದ ಕೆಸರಿಗೆ ಬರಿಗಾಲಲ್ಲಿ ಇಳಿಯಲೇಬಾರದು. ಉಡುಪಿ, ಮಂಗಳೂರು ಕಡೆ ಮಣ್ಣಿನಿಂದ ಬರುವ ಮೆಲಿಯೋಯ್ಡೋಸಿಸ್ ಅಪರೂಪದ್ದಲ್ಲ. ತಮ್ಮ ದೀಪಾವಳಿ ಕಳೆದು, ಚಳಿ ಬಿದ್ದ ಮೇಲೆ ಊರಿಗೆ ಹೋದ.

ಊಟದ ವಿಷಯದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ನಿಯಮ ಬೇರೆ. ಹಸಿ ತರಕಾರಿ, ಹಣ್ಣು ಪೂರ್ತಿ ಬಿಡಿಸುವುದರಿಂದ ಸೋಂಕು ಕಡಿಮೆಯಾಗುವುದಿಲ್ಲ ಅಂತ 2023ರಲ್ಲಿ ಇಟಲಿಯ ಅಧ್ಯಯನ ತೋರಿಸಿತು. ಆದರೂ ನಿಮ್ಮ ಕೇಂದ್ರ ಹೇಳಿದ್ದನ್ನೇ ಕೇಳಿ, ಕೋಸಂಬರಿ ನಾಲ್ಕು ತಿಂಗಳು ಕಾದರೆ ಏನೂ ಆಗುವುದಿಲ್ಲ. ಎರಡು ವಸ್ತುಗಳ ಮೇಲೆ ಮಾತ್ರ ಕಣ್ಣಿಡಿ. ಒಂದು ಚಕ್ಕೋತ. ದೇವನಹಳ್ಳಿ ಚಕ್ಕೋತ ತಂದು ಕೊಟ್ಟು ಹೋಗುವ ನೆಂಟರು ಇದ್ದೇ ಇರುತ್ತಾರೆ. ಅದು ಇಮ್ಯುನಿಟಿ ಅದುಮಿಡಲು ಕೊಡುವ ಸೈಕ್ಲೋಸ್ಪೊರಿನ್ (ಸೈಕ್ಲೊ ಅಲ್ಲ, ಬೇರೆಯದು), ಟ್ಯಾಕ್ರೋಲಿಮಸ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಿಬಿಡಬಲ್ಲದು, ಕಿಡ್ನಿಗೆ ಪೆಟ್ಟು. ಎರಡನೆಯದು "ಇಮ್ಯುನಿಟಿಗೆ ಒಳ್ಳೆಯದು" ಅಂತ ಬರುವ ಅಮೃತಬಳ್ಳಿ ಕಷಾಯ ಮತ್ತು ಅದರ ಬಳಗ. ಇಮ್ಯುನಿಟಿಯನ್ನು ಹದವಾಗಿ ಅದುಮಿಡಲು ಲಕ್ಷಗಟ್ಟಲೆ ಖರ್ಚು ಮಾಡಿರುವಾಗ ಅದನ್ನು ಕೆರಳಿಸುವ ಕಷಾಯ ಕುಡಿಸುವುದು ಯಾವ ಲೆಕ್ಕ? ನಮ್ಮ ದೊಡ್ಡಮ್ಮನಿಗೆ ಇದನ್ನು ಅರ್ಥ ಮಾಡಿಸಲು ನನಗೆ ಕೊನೆಗೂ ಆಗಲಿಲ್ಲ. ಬಾಟಲಿ ತೆಗೆದುಕೊಂಡು ಚೆಲ್ಲಿದೆ.

ಎರಡನೇ ಬಾಲ್ಯ

ಹುಟ್ಟಿದಾಗಿಂದ ಹಾಕಿಸಿದ ಲಸಿಕೆಗಳ ನೆನಪು ಹೊಸ ಇಮ್ಯುನಿಟಿಗೆ ಬಹಳಷ್ಟು ಇರುವುದಿಲ್ಲ. ನ್ಯುಮೊಕಾಕಲ್ ಲಸಿಕೆ ಮೂರರಿಂದ ಆರು ತಿಂಗಳಲ್ಲಿ ಶುರು. ಡಿಪಿಟಿ, ಹಿಬ್, ಹೆಪಟೈಟಿಸ್ ಬಿ, ಇಂಜೆಕ್ಷನ್ ಪೋಲಿಯೊ, ಇವೆಲ್ಲ ಆರರಿಂದ ಹನ್ನೆರಡು ತಿಂಗಳ ಮಧ್ಯೆ. ದಡಾರ, ಸೀತಾಳೆ ಸಿಡುಬಿನ ಲಸಿಕೆ ಜೀವಂತ ವೈರಸ್ಸಿನವು. ಎರಡು ವರ್ಷ ಆಗದೆ, ಮಾತ್ರೆ ನಿಲ್ಲದೆ, ಜಿವಿಎಚ್‌ಡಿ ಇರುವಾಗ ಮುಟ್ಟಲೇಬಾರದು. ಈ ವೇಳಾಪಟ್ಟಿ ಬರೆದುಕೊಡಿ ಅಂತ ಡಿಸ್ಚಾರ್ಜ್ ದಿನವೇ ಕೇಳಿ. ನಮ್ಮ ಕಾಗದದಲ್ಲಿ ಅದು ಇರಲೇ ಇಲ್ಲ, ಎಂಟನೇ ತಿಂಗಳಲ್ಲಿ ನಾನೇ ಕೇಳಿದ ಮೇಲೆ ಶುರುವಾಯಿತು.

ಮನೆಯ ಚಿಕ್ಕ ಮಕ್ಕಳಿಗೆ ಪಲ್ಸ್ ಪೋಲಿಯೊ ಹನಿ ಹಾಕಿಸುವ ಭಾನುವಾರ ಬಂದರೆ ಮೊದಲು ಕಸಿ ಡಾಕ್ಟರಿಗೆ ಫೋನ್ ಮಾಡಿ. ಹನಿಯಲ್ಲಿರುವುದೂ ಜೀವಂತ ವೈರಸ್ಸು, ಮಗುವಿನ ಮಲದಲ್ಲಿ ವಾರಗಟ್ಟಲೆ ಹೋಗುತ್ತಿರುತ್ತದೆ. ಮಗುವಿಗೆ ಇಂಜೆಕ್ಷನ್ ಕೊಡಿಸುವುದೋ, ಸ್ವಲ್ಪ ದಿನ ಬೇರೆ ಇರುವುದೋ ಅಂತ ಅವರು ಹೇಳುತ್ತಾರೆ. ಪೋಲಿಯೊ ಲಸಿಕೆಯನ್ನೇ ತಪ್ಪಿಸಬೇಡಿ.

ಇಮ್ಯುನಿಟಿ ಇಲ್ಲದವರಿಗೆ ಬರುವ ಒಂದು ಬಗೆಯ ನ್ಯುಮೋನಿಯಾ ತಡೆಯುವ ಸೆಪ್ಟ್ರಾನ್ ಮಾತ್ರೆ ಕನಿಷ್ಠ ಆರು ತಿಂಗಳು, ಸಾಮಾನ್ಯವಾಗಿ ಸಿಡಿ4 200 ದಾಟುವ ತನಕ. ಅದನ್ನು ತಿಳಿಯಲು ಮೂರು, ಆರು, ಹನ್ನೆರಡನೇ ತಿಂಗಳಲ್ಲಿ ಸಿಡಿ4 ಮತ್ತು ಐಜಿಜಿ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಪರೀಕ್ಷೆ ಮಾಡಿಸುತ್ತೀರಾ ಅಂತ ಕೇಳಿ. ತಮ್ಮನ ಸಿಡಿ4 ಮೂರನೇ ತಿಂಗಳಲ್ಲಿ 74 ಇತ್ತು, ಆರರಲ್ಲಿ 160, ವರ್ಷಕ್ಕೆ 290.

ಇನ್ನೊಂದು. ಕಸಿ ಆದವರ ಜೇಬಿನಲ್ಲಿ ಒಂದು ಚೀಟಿ ಇರಲಿ. ಮುಂದೆ ಯಾವತ್ತಾದರೂ ರಕ್ತ ಹಾಕಬೇಕಾಗಿ ಬಂದರೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಹಾಕಬೇಕು ಅಂತ, ಮತ್ತು ಈಗಿನ ಬ್ಲಡ್ ಗ್ರೂಪ್ ಯಾವುದು ಅಂತ. ಅದು ನಿಧಾನಕ್ಕೆ ದಾನಿಯದ್ದಾಗುತ್ತದೆ. ತಮ್ಮ ಈಗ ನನ್ನ ಹಾಗೆ ಬಿ ಪಾಸಿಟಿವ್. ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೂ ಓ ಪಾಸಿಟಿವ್ ಅಂತಲೇ ಇದೆ, ಆರ್‌ಟಿಒ ಆಫೀಸಿನ ಕ್ಯೂನಲ್ಲಿ ನಿಲ್ಲಲು ಡಾಕ್ಟರು ಮುಂದಿನ ತಿಂಗಳು ಒಪ್ಪಬಹುದು.